ಟ್ರೇಲ್ ಕ್ಯಾಮೆರಾದಲ್ಲಿ ಬೆಳ್ಳಗಾಗುವ ಚಿರತೆ

ಪ್ರಶ್ನೆ: ನಮ್ಮ ಕಾಫಿ ತೋಟದ ಅಂಚಿನಲ್ಲಿ, ಕಾಲುದಾರಿಯ ಪಕ್ಕದ ಸಿಲ್ವರ್ ಓಕ್ ಮರಕ್ಕೆ, ಪ್ರಾಣಿ ಸುಳಿದಾಗ ತಾನೇ ಚಿತ್ರ ತೆಗೆಯುವ ಟ್ರೇಲ್ ಕ್ಯಾಮೆರಾ ಕಟ್ಟಿದ್ದೇನೆ. ರಾತ್ರಿ ಬಂದ ಚಿರತೆ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತದೆ. ಮೈಮೇಲಿನ ಚುಕ್ಕೆಗಳೇ ತಿಳಿಯುವುದಿಲ್ಲ. ಬೆಳಗಿನ ಕೆಲವು ಚಿತ್ರಗಳೂ ಬಿಳಿಚಿಕೊಂಡಿವೆ. ಕ್ಯಾಮೆರಾ ಕೆಟ್ಟಿದೆಯೇ? ಚಿರತೆ ಒಂದೇ ಇದೆಯೋ ಎರಡಿವೆಯೋ ಎಂದು ತಿಳಿಯುವ ಆಸೆ ನನ್ನದು.
– ಓದುಗರೊಬ್ಬರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ಕ್ಯಾಮೆರಾ ಕೆಟ್ಟಿರುವ ಸಂಭವ ಕಡಿಮೆ, ಅದನ್ನು ಕಟ್ಟಿರುವ ಜಾಗದ ಮೇಲೆಯೇ ನನಗೆ ಹೆಚ್ಚಿನ ಅನುಮಾನ. ರಾತ್ರಿಯ ದೋಷಕ್ಕೂ ಬೆಳಗಿನ ದೋಷಕ್ಕೂ ಕಾರಣ ಬೇರೆಯಾಗಿರುವುದರಿಂದ ಎರಡನ್ನೂ ಪ್ರತ್ಯೇಕವಾಗಿ ನೋಡಬೇಕು.

ಕತ್ತಲಲ್ಲಿ ಕ್ಯಾಮೆರಾಕ್ಕೆ ಸಿಗುವುದು ತನ್ನದೇ ಎಲ್‌ಇಡಿ ದೀಪಗಳ ಇನ್‌ಫ್ರಾರೆಡ್ (ನಮ್ಮ ಕಣ್ಣಿಗೆ ಕಾಣದ) ಬೆಳಕು ಮಾತ್ರ. ದೂರ ಎರಡು ಪಟ್ಟಾದರೆ ಈ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಅಂದರೆ 4 ಮೀಟರ್ ದೂರದಲ್ಲಿ ನಡೆಯುವ ಚಿರತೆಗಿಂತ 2 ಮೀಟರ್ ದೂರದಲ್ಲಿ ನಡೆಯುವ ಚಿರತೆಯ ಮೇಲೆ ನಾಲ್ಕರಷ್ಟು ಬೆಳಕು ಬೀಳುತ್ತದೆ. ಇದರ ಜೊತೆಗೆ ದಾರಿಯ ಹಿಂದೆ ಬಯಲಿದ್ದರೆ, ಮರಳಿ ಬರುವ ಬೆಳಕು ಸಾಲದೆಂದು ಕ್ಯಾಮೆರಾ ತನ್ನ ಸೂಕ್ಷ್ಮತೆಯನ್ನು ಏರಿಸಿಕೊಳ್ಳುತ್ತದೆ, ಹತ್ತಿರ ಬಂದ ಪ್ರಾಣಿ ಪೂರ್ತಿ ಬಿಳಿಯಾಗುತ್ತದೆ. ಆದ್ದರಿಂದ ದಾರಿಯಿಂದ 3–4 ಮೀಟರ್ ದೂರದ, ಎದುರಿಗೆ ಮಣ್ಣಿನ ದರೆಯೋ ಪೊದೆಯೋ ಇರುವ ಮರವನ್ನು ಆರಿಸಿ, ಮೊಣಕಾಲೆತ್ತರಕ್ಕೆ ಕಟ್ಟಿ. ಕ್ಯಾಮೆರಾದ ಮುಂದೆಯೇ ಬಾಗಿರುವ ಕಾಫಿ ರೆಕ್ಕೆಯನ್ನು (ಕೊಂಬೆಯನ್ನು) ಸವರಿಬಿಡಿ. ಹತ್ತಿರದ ಎಲೆ ತಾನೊಂದೇ ಹೊಳೆದು, ಹಿಂದಿನದೆಲ್ಲ ಕತ್ತಲಾಗುವುದೂ ಉಂಟು.

ಮರ ಬದಲಿಸಲಾಗದಿದ್ದರೆ ಮೆನುವಿನಲ್ಲಿ ಫ್ಲ್ಯಾಶ್ (ಅದೇ ಎಲ್‌ಇಡಿ ಬೆಳಕಿನ) ಶಕ್ತಿಯನ್ನು ಕಡಿಮೆ ಮಾಡಿ. ಆ ಸೌಲಭ್ಯವೂ ಇಲ್ಲದಿದ್ದರೆ ಎಲ್‌ಇಡಿಗಳ ಅರ್ಧ ಭಾಗಕ್ಕೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಬಹುದು. ಪ್ರಾಣಿಯ ಚಲನೆಯನ್ನು ಗ್ರಹಿಸುವ ಪಿಐಆರ್ ಸೆನ್ಸರ್‌ನ ಮಬ್ಬು ಪ್ಲಾಸ್ಟಿಕ್ ಕಿಟಕಿ ಹಾಗೂ ಲೆನ್ಸ್ ಮಾತ್ರ ಮುಚ್ಚಿಹೋಗಬಾರದು.

ಬೆಳಗಿನ ಚಿತ್ರಗಳಲ್ಲಿ ಬಣ್ಣ ಹೇಗಿದೆ ಎಂಬುದನ್ನು ಗಮನಿಸಿ. ಬಣ್ಣ ಸಹಜವಾಗಿದ್ದು ಚಿತ್ರ ಮಾತ್ರ ಬಿಳಿಚಿದ್ದರೆ ಎದುರು ಬಿಸಿಲು ಅಥವಾ ಲೆನ್ಸಿನ ಮೇಲಿನ ಇಬ್ಬನಿ ಕಾರಣ. ಕ್ಯಾಮೆರಾವನ್ನು ಉತ್ತರಕ್ಕೆ ತಿರುಗಿಸಿದರೆ ವರ್ಷದ ಹೆಚ್ಚು ಕಾಲ ಬಿಸಿಲಿನ ಕಾಟವಿರುವುದಿಲ್ಲ. ಸತತ ಮೂರು ಚಿತ್ರಗಳಲ್ಲಿ ಮೊದಲನೆಯದಷ್ಟೇ ಬೆಳ್ಳಗಿದ್ದರೆ, ನಿದ್ದೆಯಿಂದೆದ್ದ ಕ್ಯಾಮೆರಾ ಬೆಳಕನ್ನು ಅಳೆದು ಮುಗಿಸಿರುವುದಿಲ್ಲ; ಅದನ್ನು ಬಿಟ್ಟುಬಿಡಿ. ಹಸಿರೆಲೆ ಗುಲಾಬಿಯಾಗಿ ಕಂಡರೆ ಮಾತ್ರ ಯಂತ್ರದ ದೋಷ. ಹಗಲಲ್ಲಿ ಇನ್‌ಫ್ರಾರೆಡ್ ಕಿರಣವನ್ನು ತಡೆಯಲು ಚಿತ್ರ ಹಿಡಿಯುವ ಸೆನ್ಸರ್ ಮುಂದೆ ಬರಬೇಕಾದ ಪುಟ್ಟ ಫಿಲ್ಟರ್ ಆಗ ಪಕ್ಕಕ್ಕೇ ಸಿಕ್ಕಿಕೊಂಡಿರುತ್ತದೆ. ಕ್ಯಾಮೆರಾದ ಮುಖವನ್ನು ಅಂಗೈಯಿಂದ ಮುಚ್ಚಿ ಒಂದು ಚಿತ್ರ, ತೆರೆದು ಇನ್ನೊಂದು ಚಿತ್ರ ತೆಗೆಸಿ, ಕಿವಿಗೊಡಿ: ಫಿಲ್ಟರ್ ಸರಿದರೆ ಸಣ್ಣ ‘ಟಿಕ್’ ಸದ್ದು ಬರುತ್ತದೆ. ಸದ್ದಿಲ್ಲದಿದ್ದರೆ ಮೊದಲು ಹೊಸ ಬ್ಯಾಟರಿ ಹಾಕಿ ನೋಡಿ, ಆಮೇಲೆ ರಿಪೇರಿಗೆ ಕೊಡಿ.

ಈಗಾಗಲೇ ಪೂರ್ತಿ ಬಿಳಿಯಾಗಿರುವ ಚಿತ್ರದಿಂದ ಯಾವ ಆ್ಯಪ್ ಕೂಡ ಚುಕ್ಕೆಗಳನ್ನು ಹೊರತೆಗೆಯಲಾರದು. ನಾಗರಹೊಳೆಯಲ್ಲಿ 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಹುಲಿಗಳನ್ನು ಪಟ್ಟೆಯಿಂದಲೇ ಗುರುತಿಸಿ ಎಣಿಸಿದ ಹಾಗೆ, ಚಿರತೆಗಳನ್ನೂ ಚುಕ್ಕೆಗಳ ವಿನ್ಯಾಸದಿಂದ ಬೇರೆ ಬೇರೆಯಾಗಿ ಗುರುತಿಸಬಹುದು. ಆದರೆ ಎಡ, ಬಲ ಪಕ್ಕೆಗಳ ವಿನ್ಯಾಸ ಒಂದೇ ಆಗಿರುವುದಿಲ್ಲವಾದ್ದರಿಂದ, ಎಡಪಕ್ಕೆಯ ಚಿತ್ರವನ್ನು ಎಡಪಕ್ಕೆಯ ಚಿತ್ರದೊಂದಿಗೇ ಹೋಲಿಸಿ.