ಮನೆ ಹಿಂದೆ ನೆಲ ಕುಸಿದು ಗುಂಡಿ ಬಿದ್ದಿದೆ, ಗೋಡೆ ಬಿರುಕು ಬಿಟ್ಟಿದೆ. ಕಾಂಕ್ರೀಟ್ ಹಾಕಿ ಮುಚ್ಚಿಸಬಹುದೇ?

ಮಡಿಕೇರಿ ಹತ್ತಿರ ಇಳಿಜಾರಿನಲ್ಲಿ ಮನೆ, ಈ ಮಳೆಗೆ ಅಡುಗೆಮನೆ ಹಿಂದೆ ಬಕೆಟ್ ಅಗಲದ ಗುಂಡಿ, ಹಿಂಬದಿ ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕು, ಮೇಸ್ತ್ರಿ ಕಾಂಕ್ರೀಟ್ ಸುರಿಯೋಣ ಅಂತಿದ್ದಾರೆ ಎಂದು ಬರೆದಿದ್ದೀರಿ.

ಸದ್ಯಕ್ಕೆ ಬೇಡ. ನಾನು ಮಣ್ಣು ಪರೀಕ್ಷೆಯ ಕೆಲಸದವನು, ಹೀಗೆ ಮುಚ್ಚಿಸಿ ಪೆಟ್ಟು ತಿಂದವನೂ ಹೌದು. ನಮ್ಮ ಅಂಗಳದ ಗುಂಡಿಗೆ ಕಲ್ಲು, ಸಿಮೆಂಟು ತುಂಬಿಸಿ ಕೈ ತೊಳೆದುಕೊಂಡಿದ್ದೆ. ಮರುವರ್ಷದ ಮಳೆಗೆ ಸಿಮೆಂಟಿನ ಗಟ್ಟಿ ಅಲುಗಾಡದೆ ಕೂತಿತ್ತು, ಮೂರಡಿ ಆಚೆ ಬಚ್ಚಲುಮನೆ ಮೂಲೆಯಡಿ ಮಣ್ಣೇ ಇರಲಿಲ್ಲ. ನೀರಿನ ದಾರಿಗೆ ಅಡ್ಡ ಹಾಕಿದ್ದೆ, ಅದು ಪಕ್ಕದಲ್ಲಿ ಹೊಸ ದಾರಿ ಮಾಡಿಕೊಂಡಿತ್ತು.

ಟಿವಿಯಲ್ಲಿ ತೋರಿಸುವ, ನೆಲ ಕುಸಿದ ದೊಡ್ಡ ಗುಂಡಿಗಳಾದ ಸಿಂಕ್‌ಹೋಲ್‌ಗಳು ಬಹುಪಾಲು ಸುಣ್ಣಕಲ್ಲಿನ ಪ್ರದೇಶದವು, ಕಲ್ಲೇ ನೀರಲ್ಲಿ ಕರಗಿ ಪೊಳ್ಳಾಗುತ್ತದೆ. ನಮ್ಮ ಕೊಡಗಿನ ಅಡಿಪಾಯ ನೈಸ್, ಚಾರ್ನೊಕೈಟ್‌ನಂಥ ಗಟ್ಟಿ ಕಲ್ಲು, ಅದು ಹಾಗೆ ಕರಗುವುದಿಲ್ಲ. ಆದರೆ ಅದರ ಮೇಲೆ, ಆ ಕಲ್ಲೇ ಶಿಥಿಲವಾಗಿ ಆದ ದಪ್ಪ ಮಣ್ಣಿದೆ. ಮೇಲೆ ಕೆಂಪು, ಕೆಲವೆಡೆ ಜಂಬಿಟ್ಟಿಗೆ, ಅದರಡಿ ಬೆರಳಲ್ಲಿ ಉಜ್ಜಿದರೆ ಸಾಬೂನಿನ ಹಾಗೆ ಜಾರುವ ಬಿಳಿ-ಗುಲಾಬಿ ಜೇಡಿ. ಒಳಗೆ ಹರಿಯುವ ನೀರು ಈ ನುಣ್ಣನೆ ಮಣ್ಣನ್ನು ಹೊತ್ತೊಯ್ದು ಸುರಂಗ ಕೊರೆಯುತ್ತದೆ, ಒಂದು ದಿನ ಸುರಂಗದ ಸೂರು ಕೆಳಗೆ ಬೀಳುತ್ತದೆ. ಇದಕ್ಕೆ ಸಾಯಿಲ್ ಪೈಪಿಂಗ್ ಅನ್ನುತ್ತಾರೆ. ಗಡಿಯಾಚೆ ಕಣ್ಣೂರು, ವಯನಾಡಿನಲ್ಲೂ ಇದೇ ಕಾಟ.

ಹಾಗಾಗಿ ಮೊದಲ ಪ್ರಶ್ನೆ: ಗುಂಡಿಯಲ್ಲಿದ್ದ ಮಣ್ಣು ಎಲ್ಲಿಗೆ ಹೋಯಿತು? ಜೋರು ಮಳೆ ನಿಂತ ಮೇಲೆ ಕೆಳಗಿನ ಗದ್ದೆ ಬದು, ತೋಡಿನ ದಡದಲ್ಲಿ ನಡೆದು ನೋಡಿ. ಎಲ್ಲ ಒರತೆಯೂ ತಿಳಿಯಾಗಿ ಬರುತ್ತಿದ್ದು ಒಂದೇ ಒಂದು ಕೆಂಪಗೆ ಬರುತ್ತಿದ್ದರೆ, ಸುರಂಗದ ಬಾಯಿ ಬಹುಶಃ ಅದೇ. ಪರೀಕ್ಷೆ ಮಾಡುವವರು ಗುಂಡಿಗೆ ಹಸಿರು ಹೊಳೆಯುವ ಫ್ಲೋರೆಸಿನ್ ಬಣ್ಣ ಬಿಟ್ಟು ಎಲ್ಲಿ ಹೊರಬರುತ್ತದೆಂದು ಕಾಯುತ್ತಾರೆ. ಆಮೇಲೆ ಮೇಲ್ಗಡೆ ನೋಡಿ, ಈ ನೀರು ಎಲ್ಲಿಂದ ಒಳಗೆ ಹೋಗುತ್ತಿದೆ ಅಂತ. ಸೂರಿನ ನೀರು ಗೋಡೆ ಬುಡಕ್ಕೇ ಬೀಳುತ್ತಿದೆಯೇ? ಶೌಚಾಲಯದ ಪಿಟ್ ಗುಂಡಿ ಯಾವ ಕಡೆಗಿದೆ? ಮೇಲಿನ ತೋಟದಲ್ಲಿ ಇಂಗುಗುಂಡಿ ತೆಗೆದಿದ್ದಾರೆಯೇ? ಇಂಗುಗುಂಡಿ ಒಳ್ಳೆಯದೇ, ಆದರೆ ಕಡಿದಾದ ಬರೆಯ (ಗುಡ್ಡದ ಇಳಿಜಾರಿನ) ನೆತ್ತಿಯಲ್ಲಿ, ಮನೆಯ ತಲೆ ಮೇಲೆ ಅಲ್ಲ. ಇನ್ನೊಂದು ಮಾತು, ಹಿರಿಯರನ್ನು ಕೇಳಿ: ನಿಮ್ಮ ಜಾಗದಲ್ಲಿ ಹಿಂದೆ ಕಡಂಗ, ಅಂದರೆ ಹಳೆಕಾಲದ ಆಳದ ಕಂದಕ, ಇತ್ತೇ? ಹಳೆಯ ಕಡಂಗಕ್ಕೆ ಮಣ್ಣು ತುಂಬಿಸಿ ಸಮ ಮಾಡಿ ಮನೆ ಕಟ್ಟಿದ್ದರೆ ಆ ಮಣ್ಣು ಕೂರುತ್ತಲೇ ಇರುತ್ತದೆ. ಆಗ ಸುರಂಗ ಹುಡುಕಿ ಪ್ರಯೋಜನವಿಲ್ಲ.

ಬಿರುಕಿಗೆ ಇವತ್ತೇ ಮಾಡಬಹುದಾದದ್ದು: ಅದಕ್ಕೆ ಅಡ್ಡಲಾಗಿ ತೆಳು ಗಾಜಿನ ಚೂರನ್ನು ಎರಡೂ ತುದಿ ಸಿಮೆಂಟಿನಿಂದ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ತಾರೀಕು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ನಡೆಯುತ್ತಿದೆ. ಬಿರುಕು ಮೇಲ್ಗಡೆ ಅಗಲವಿದ್ದರೆ ಸಾಮಾನ್ಯವಾಗಿ ಗೋಡೆಯ ತುದಿ ಇಳಿಯುತ್ತಿದೆ, ಕೆಳಗಡೆ ಅಗಲವಿದ್ದರೆ ನಡು ಇಳಿಯುತ್ತಿದೆ. 5 ಮಿ.ಮೀ. ಒಳಗಿದ್ದರೆ ಗಾಬರಿ ಬೇಡ, 15 ದಾಟಿದರೆ ಆ ಕೋಣೆಯಲ್ಲಿ ಮಲಗಬೇಡಿ, 25 ದಾಟಿದರೆ ಮನೆಯಲ್ಲೇ ಇರಬೇಡಿ.

ಮಣ್ಣು ಪರೀಕ್ಷೆಗೆ ಕರೆಸಿದರೆ ಎರಡು ಬೋರ್ (ಮಣ್ಣು ನೋಡಲು ಕೊರೆಯುವ ತೂತು) ಕೇಳಿ, ಒಂದು ಗುಂಡಿ ಪಕ್ಕ, ಒಂದು ಕುಸಿಯದ ಕಡೆ. ಒಂದೇ ಬೋರ್‌ಗೆ ಹೋಲಿಕೆಯೇ ಇರುವುದಿಲ್ಲ. ಬೋರಿನೊಳಗೆ ರಾಡ್ ಇಳಿಸಿ, ಅದರ ಮೇಲೆ 63.5 ಕೆ.ಜಿ. ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ ಎಷ್ಟು ಏಟಿಗೆ ಅದು 30 ಸೆಂ.ಮೀ. ಇಳಿಯುತ್ತದೆಂದು ಎಣಿಸುತ್ತಾರೆ. ಪೊಳ್ಳಿದ್ದಲ್ಲಿ ಏಟೇ ಬೇಡ, ರಾಡ್ ತನ್ನ ಭಾರಕ್ಕೇ ಸರ್ರನೆ ಇಳಿಯುತ್ತದೆ. ನೋಡುವಾಗ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ರಾಡಾರ್ ಯಂತ್ರ ತರುತ್ತೇವೆ ಅಂದರೆ ಯೋಚಿಸಿ, ಒದ್ದೆ ಜೇಡಿಯಲ್ಲಿ ಅದಕ್ಕೆ ಹೆಚ್ಚು ಆಳ ಕಾಣುವುದಿಲ್ಲ. ವಿದ್ಯುತ್ ಹಾಯಿಸಿ ಮಣ್ಣಿನ ಪ್ರತಿರೋಧ ಅಳೆಯುವ ವಿಧಾನ ನಮ್ಮ ಮಣ್ಣಿಗೆ ಮೇಲು.

ಕಾರಣ ತಿಳಿದ ಮೇಲೆ ಮುಚ್ಚುವುದು ಸುಲಭ: ಬಿಡಿಸಿ ಅಗೆದು, ಅಡಿಯಲ್ಲಿ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು, ಕೊನೆಗೆ ಗಟ್ಟಿಸಿದ ಮಣ್ಣು. ನೀರು ಹೋಗಬೇಕು, ಮಣ್ಣು ಹೋಗಬಾರದು.

ಒಂದು ವಿಷಯದಲ್ಲಿ ಮಾತ್ರ ಪರೀಕ್ಷೆಗೆ ಕಾಯಬೇಡಿ. ಮನೆ ಮೇಲಿನ ಬರೆಯಲ್ಲಿ ಅರ್ಧಚಂದ್ರದ ಹಾಗೆ ಬಿರುಕು, ಓಲಿದ ಮರ, ಇದ್ದಕ್ಕಿದ್ದಂತೆ ಬತ್ತಿದ ಅಥವಾ ಕೆಂಪಾದ ಒರತೆ ಕಂಡರೆ ಅದು ಗುಂಡಿಯ ಸಮಸ್ಯೆಯಲ್ಲ, ಗುಡ್ಡವೇ ಜರಿಯುವ ಲಕ್ಷಣ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಆದದ್ದು ನಿಮಗೇ ಗೊತ್ತು. ದನಕರು ಬಿಚ್ಚಿ, ಆ ರಾತ್ರಿಯೇ ಹೊರಡಿ, ತಾಲ್ಲೂಕು ಕಚೇರಿಗೆ ತಿಳಿಸಿ.

ಅಂಥದ್ದೇನೂ ಇಲ್ಲವಾದರೆ ಈಗ ಗುಂಡಿ ಸುತ್ತ ಬೇಲಿ ಹಾಕಿ, ಸೂರಿನ ನೀರನ್ನು ಪೈಪಿನಲ್ಲಿ ದೂರ ಬಿಡಿ. ಪಿಟ್ ಗುಂಡಿ ಮೇಲ್ಗಡೆ ಇದೆಯೋ ಕೆಳಗಡೆಯೋ, ಅದನ್ನು ಬರೆಯಿರಿ.