ಕೋಣೆಯ ತಾಪ ಬೇರೆ, ಬಿಯರ್‌ನ ತಾಪ ಬೇರೆ

ಮನೆಯಲ್ಲೇ ಬಿಯರ್ ಮಾಡುವ ಓದುಗರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸೆಕೆಯದ್ದೇ. ಬೇರೆ ಬೇರೆ ಊರು, ಬೇರೆ ಬೇರೆ ಹವೆ. ಆದರೂ ತಪ್ಪುತ್ತಿರುವುದು ಹೆಚ್ಚುಕಮ್ಮಿ ಒಂದೇ ಕಡೆ, ಹಾಗಾಗಿ ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾವು ಡಲ್ಲಾಸ್ ಹತ್ತಿರ ಇದ್ದೇವೆ. ಮನೆಯೊಳಗೆ ಎಸಿ ಯಾವಾಗಲೂ 25 ಡಿಗ್ರಿಯಲ್ಲಿರುತ್ತದೆ. ಜುಲೈನಲ್ಲಿ 20 ಲೀಟರ್ ಪೇಲ್ ಏಲ್ ಮಾಡಿದೆ. ಈಸ್ಟ್ ಪೊಟ್ಟಣದ ಮೇಲೆ 26 ಡಿಗ್ರಿವರೆಗೆ ಆಗಬಹುದು ಅಂತಲೇ ಇತ್ತು. ಎರಡೂವರೆ ದಿನದಲ್ಲಿ ಏರ್‌ಲಾಕ್ (ಡಬ್ಬದ ಗ್ಯಾಸ್ ಹೊರಬಿಡುವ ನೀರಿನ ಮುಚ್ಚಳ) ಗುಳುಗುಳು ನಿಂತಿತು, ಬೇಗ ಆಯಿತಲ್ಲ ಅಂತ ಖುಷಿಪಟ್ಟೆ. ಬಾಟಲಿ ತೆರೆದರೆ ಬಾಳೆಹಣ್ಣಿನ ವಾಸನೆ, ಅದರ ಹಿಂದೆಯೇ ನೇಲ್ ಪಾಲಿಶ್. ಎರಡು ಗ್ಲಾಸಿಗೇ ತಲೆನೋವು. ಬ್ಯಾಕ್ಟೀರಿಯಾ ಸೇರಿಕೊಂಡಿದೆಯೇ? ಚೆಲ್ಲಿಬಿಡಲೇ?

ಉತ್ತರ: ಹುಳಿ ಇಲ್ಲ, ಮೇಲೆ ಪೊರೆ ಕಟ್ಟಿಲ್ಲ ಅಂದರೆ ಬ್ಯಾಕ್ಟೀರಿಯಾದ ಮೇಲೆ ಅನುಮಾನ ಬೇಡ. ಇದು ಬಿಸಿಯ ಕೆಲಸ. ಪೊಟ್ಟಣ ಸುಳ್ಳು ಹೇಳಿಲ್ಲ. ಅದರ ಮೇಲಿನ ಅಂಕಿ ಬಿಯರ್‌ನದು, ನೀವು ಓದಿಕೊಂಡಿದ್ದು ಕೋಣೆಯದು.

ಈಸ್ಟ್ ಸಕ್ಕರೆ ತಿನ್ನುವಾಗ ಶಾಖ ಬಿಡುತ್ತದೆ. ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ ನೋಡೋಣ. 1.050 ಗ್ರಾವಿಟಿಯ (ನೀರನ್ನು 1 ಹಿಡಿದರೆ ದ್ರವದ ಸಾಂದ್ರತೆ) 20 ಲೀಟರ್ ವರ್ಟ್‌ನಲ್ಲಿ, ಅಂದರೆ ಇನ್ನೂ ಈಸ್ಟ್ ಬೀಳದ ಮಾಲ್ಟ್ ರಸದಲ್ಲಿ, ಸುಮಾರು ಎರಡೂವರೆ ಕಿಲೋ ಸಕ್ಕರೆ ಅಂಶ ಕರಗಿರುತ್ತದೆ. ಅದರಲ್ಲಿ ಈಸ್ಟ್ ತಿಂದು ಮುಗಿಸುವುದು ಒಂದೂವರೆ ಕಿಲೋಗಿಂತ ಸ್ವಲ್ಪ ಹೆಚ್ಚು. ಕಿಲೋಗೆ ಸುಮಾರು 580 ಕಿಲೋಜೌಲ್ ಹಿಡಿದರೂ ಒಟ್ಟು 900ರ ಮೇಲಾಯಿತು. ಇಷ್ಟೂ ಶಾಖ ಹೊರಗೆ ಹೋಗದೆ ಒಳಗೇ ಉಳಿದರೆ ಬಿಯರ್ 11 ಡಿಗ್ರಿ ಏರುತ್ತದೆ. ಪುಣ್ಯಕ್ಕೆ ಡಬ್ಬದ ಗೋಡೆಯಿಂದ ಒಂದಷ್ಟು ಸೋರಿಹೋಗುತ್ತದೆ. ಹಾಗಾಗಿ ಮನೆಯಲ್ಲಿ ಕಾಣುವ ಏರಿಕೆ 3ರಿಂದ 6 ಡಿಗ್ರಿ. ಈಸ್ಟ್ ಎಷ್ಟು ಅವಸರದಲ್ಲಿ ತಿನ್ನುತ್ತದೋ ಸೋರಲು ಅಷ್ಟು ಕಡಿಮೆ ಸಮಯ. ಎರಡೂವರೆ ದಿನದಲ್ಲಿ ಮುಗಿಯಿತು ಅನ್ನುತ್ತೀರಿ. ನಿಮ್ಮ ಬಿಯರ್ 30ರ ಆಸುಪಾಸು ಮುಟ್ಟಿತ್ತು ಅಂತಲೇ ನನ್ನ ಲೆಕ್ಕ.

ಬಾಳೆಹಣ್ಣಿನ ವಾಸನೆ ಐಸೋಅಮೈಲ್ ಅಸಿಟೇಟ್‌ನದು. ನೇಲ್ ಪಾಲಿಶ್ ವಾಸನೆ ಈಥೈಲ್ ಅಸಿಟೇಟ್‌ನದು. ಜೊತೆಗೆ ಗಂಟಲಲ್ಲಿ ಬೆಚ್ಚಗೆ ಉರಿಯುವ ಫ್ಯೂಸೆಲ್ ಆಲ್ಕೋಹಾಲ್‌ಗಳೂ ಇರುತ್ತವೆ. ಇವೆಲ್ಲ ಹೆಚ್ಚಾಗಿ ಹುಟ್ಟುವುದು ಈಸ್ಟ್ ಸಂಖ್ಯೆ ಹೆಚ್ಚಿಸಿಕೊಳ್ಳುವ ಮೊದಲ ಎರಡು ಮೂರು ದಿನದಲ್ಲಿ. ಹದಿನಾಲ್ಕು ದಿನವೂ ಕಾವಲು ಕೂರಬೇಕಿಲ್ಲ, ಮೊದಲ 72 ಗಂಟೆ ಬಿಯರನ್ನು ತಂಪಾಗಿಟ್ಟರೆ ಮುಕ್ಕಾಲು ಯುದ್ಧ ಗೆದ್ದಂತೆ. ಸಾಮಾನ್ಯ ಏಲ್ ಈಸ್ಟನ್ನು 17–18 ಡಿಗ್ರಿಗೆ ಇಳಿದ ವರ್ಟ್‌ಗೆ ಹಾಕಿ, ಮೂರು ದಿನ 19 ದಾಟಲು ಬಿಡಬೇಡಿ. ಆಮೇಲೆ ತಾನಾಗಿ 21–22ಕ್ಕೆ ಏರಲಿ. ಆ ಏರಿಕೆ ಬೇಕು ಕೂಡ: ಬೆಣ್ಣೆ ವಾಸನೆಯ ಡಯಾಸಿಟೈಲನ್ನು, ಹಸಿ ಸೇಬಿನ ವಾಸನೆಯ ಅಸಿಟಾಲ್ಡಿಹೈಡನ್ನು ಈಸ್ಟ್ ವಾಪಸ್ ಹೀರಿಕೊಳ್ಳುವುದು ಆಗಲೇ. ಹಲವರು ಇದನ್ನೇ ತಿರುಗಾಮುರುಗಾ ಮಾಡುತ್ತಾರೆ. 28ರಲ್ಲಿ ಈಸ್ಟ್ ಹಾಕಿ, ಮರುದಿನ ಗಾಬರಿಯಾಗಿ ತಣ್ಣಗೆ ಮಾಡುತ್ತಾರೆ. ಕೆಡಬೇಕಾದ್ದು ಅಷ್ಟರಲ್ಲಿ ಕೆಟ್ಟಿರುತ್ತದೆ, ತಣ್ಣಗಾದ ಈಸ್ಟ್ ಅರ್ಧಕ್ಕೇ ಮಲಗಿಬಿಡುತ್ತದೆ.

ಟೆಕ್ಸಸ್ ಬೇಸಿಗೆಯಲ್ಲಿ ನಲ್ಲಿ ನೀರೇ 28–30 ಡಿಗ್ರಿ ಬರುತ್ತದೆ, ಕುದಿಸಿದ ವರ್ಟ್‌ಗೆ ಕಾಯಿಲ್ ಚಿಲ್ಲರ್ (ಒಳಗೆ ನೀರು ಹರಿಯುವ ಲೋಹದ ಸುರುಳಿ) ಹಾಕಿ ಎಷ್ಟು ನೀರು ಹರಿಸಿದರೂ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ನಲ್ಲಿ ನೀರಿನಿಂದ 40ರವರೆಗೆ ಇಳಿಸಿ, ಆಮೇಲೆ ಐಸ್ ತುಂಬಿದ ಬಕೆಟ್‌ನಲ್ಲಿ ಸಣ್ಣ ಸಬ್‌ಮರ್ಸಿಬಲ್ ಪಂಪ್ ಮುಳುಗಿಸಿ ಆ ನೀರನ್ನೇ ಚಿಲ್ಲರ್‌ನಲ್ಲಿ ಸುತ್ತಿಸಿ. ಪಂಪ್ ಇಲ್ಲವೇ? ಸ್ಯಾನಿಟೈಸ್ ಮಾಡಿದ ಫರ್ಮೆಂಟರ್‌ಗೆ, ಅಂದರೆ ಬಿಯರ್ ಹುದುಗುವ ಡಬ್ಬಕ್ಕೆ, ವರ್ಟ್ ಸುರಿದು, ಮುಚ್ಚಿ, ಫ್ರಿಜ್‌ನಲ್ಲಿಟ್ಟು ಮಲಗಿ. ಬೆಳಿಗ್ಗೆ ಎದ್ದು ಈಸ್ಟ್ ಹಾಕಿ. ಪಾತ್ರೆ ಚೊಕ್ಕಟವಾಗಿದ್ದರೆ ಎಂಟು ಹತ್ತು ಗಂಟೆ ತಡದಿಂದ ಏನೂ ಆಗದು. ಆಸ್ಟ್ರೇಲಿಯಾದವರು ಇನ್ನೂ ಒಂದು ಹೆಜ್ಜೆ ಮುಂದೆ: ಕುದಿ ಇಳಿದ ವರ್ಟನ್ನು ಬಿಸಿಬಿಸಿಯಾಗಿಯೇ ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್ ಕ್ಯಾನ್‌ಗೆ ತುಂಬಿ, ಗಾಳಿ ಹಿಂಡಿ ಬಿಗಿ ಮುಚ್ಚಿ, ತಾನಾಗಿ ಆರಲು ಬಿಡುತ್ತಾರೆ. ನೀರಿನ ಬರದ ನಾಡಲ್ಲಿ ಹುಟ್ಟಿದ ಜಾಣತನ ಅದು. ಬಿಸಿಯಲ್ಲೇ ಹೆಚ್ಚು ಹೊತ್ತು ಇರುವುದರಿಂದ ಬಿಯರ್‌ಗೆ ಹಾಕುವ ಹಾಪ್ಸ್ ಹೂವಿನ ಕಹಿ ಏರುತ್ತದೆ, ಕೊನೆಗೆ ಹಾಕುವ ಹಾಪ್ಸನ್ನು ಅದಕ್ಕೆ ತಕ್ಕಂತೆ ಕಡಿಮೆ ಮಾಡಬೇಕು.

ಮಾಡಿದ ಬಿಯರ್ ವಿಷಯಕ್ಕೆ ಬಂದರೆ, ಬಾಳೆಹಣ್ಣು ತಿಂಗಳೊಪ್ಪತ್ತಿನಲ್ಲಿ ಸ್ವಲ್ಪ ತಗ್ಗೀತು. ನೇಲ್ ಪಾಲಿಶ್ ತಗ್ಗುವುದನ್ನು ನಾನು ಕಂಡಿಲ್ಲ. ನಾನಾದರೆ ಚೆಲ್ಲುತ್ತೇನೆ. ತಲೆನೋವಿನ ಹೊಣೆ ಪೂರ್ತಿ ಬಿಯರ್ ಮೇಲೆ ಹಾಕಲಾರೆ. ಜುಲೈನ ಡಲ್ಲಾಸ್‌ನಲ್ಲಿ ಆ ದಿನ ನೀರು ಎಷ್ಟು ಕುಡಿದಿದ್ದಿರಿ?

ಪ್ರಶ್ನೆ: ಸರ, ನಮ್ಮೂರು ಹುಬ್ಬಳ್ಳಿ, ಈಗ ಇರೋದು ಅರಿಜೋನಾದ ಫೀನಿಕ್ಸ್‌ನ್ಯಾಗ. ಫರ್ಮೆಂಟರ್‌ಗೆ ಹಸಿ ಟೀ-ಶರ್ಟ್ ಸುತ್ತಿ ಫ್ಯಾನ್ ಹಚ್ಚಿದ್ರ ಸಾಕು, ಫ್ರಿಜ್ ಯಾಕ ಬೇಕು ಅಂತಾನ ನಮ್ಮ ಗೆಳೆಯ. ಖರೇ ಏನ್ರಿ?

ಉತ್ತರ: ಫೀನಿಕ್ಸ್‌ನ್ಯಾಗ ಖರೇ ಐತ್ರಿ. ಮನ್ಯಾಗಿನ ಮಣ್ಣಿನ ಹೂಜಿ ಏಪ್ರಿಲ್‌ನಲ್ಲಿ ನೀರು ತಂಪಿಡುವುದೂ ಹೀಗೆಯೇ. ನೀರು ಆವಿಯಾಗುವಾಗ ಶಾಖವನ್ನೂ ಹೊತ್ತೊಯ್ಯುತ್ತದೆ, ಗಾಳಿ ಒಣಗಿದ್ದಷ್ಟೂ ಹೆಚ್ಚು ಒಯ್ಯುತ್ತದೆ. ಮನೆಯೊಳಗೆ 27 ಡಿಗ್ರಿ, ತೇವಾಂಶ ಶೇ 20 ಇದ್ದರೆ ಹಸಿ ಬಟ್ಟೆ ಇಳಿಯಬಹುದಾದ ಕೊನೆಯ ಮಟ್ಟ ಸುಮಾರು 14 ಡಿಗ್ರಿ. ಅಲ್ಲಿಯವರೆಗೆ ಯಾವ ಶರ್ಟೂ ಹೋಗುವುದಿಲ್ಲ. ಆದರೆ ಕೋಣೆಗಿಂತ ನಾಲ್ಕೈದು ಡಿಗ್ರಿ ಕೆಳಗೆ ಧಾರಾಳವಾಗಿ ಸಿಗುತ್ತದೆ.

ಮಾಡುವ ಕ್ರಮ ಹೀಗೆ. ಅಗಲವಾದ ಪ್ಲಾಸ್ಟಿಕ್ ಟಬ್‌ನಲ್ಲಿ ಫರ್ಮೆಂಟರ್ ಕೂರಿಸಿ, ಅದರ ಅರ್ಧ ಮಟ್ಟದವರೆಗೆ ನೀರು ತುಂಬಿ. ಶರ್ಟ್ ಹತ್ತಿಯದೇ ಆಗಬೇಕು, ಪಾಲಿಯೆಸ್ಟರ್ ಜೆರ್ಸಿ ನೀರೆಳೆಯುವುದಿಲ್ಲ. ಕೊರಳಿನ ತೂತಿನಲ್ಲಿ ಏರ್‌ಲಾಕ್ ಹೊರಗೆ ಬರಲಿ, ಕೆಳಗಿನ ಅಂಚು ಟಬ್‌ನ ನೀರಲ್ಲಿ ಮುಳುಗಿರಲಿ. ಆಗ ಬಟ್ಟೆ ತಾನೇ ನೀರು ಎಳೆದುಕೊಳ್ಳುತ್ತದೆ, ನೀವು ಎರಡೆರಡು ತಾಸಿಗೆ ಚಿಮುಕಿಸಬೇಕಿಲ್ಲ. ಫ್ಯಾನ್ ಓರೆಯಾಗಿ ಬೀಸಲಿ. ಶರ್ಟಿನಿಂದ ಬೆಳಕೂ ತಡೆಯುತ್ತದೆ, ಹಾಪ್ಸ್‌ಗೆ ಬಿಸಿಲು ಬಿದ್ದರೆ ಬರುವ ಕೆಟ್ಟ ನಾತವೂ ತಪ್ಪುತ್ತದೆ.

ಮೊದಲ ಮೂರು ದಿನಕ್ಕೆ ಶರ್ಟ್ ಒಂದೇ ಸಾಲದು, ಐಸ್ ಬೇಕು. ಒಂದು ಲೀಟರ್ ನೀರಿನ ಬಾಟಲಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ಟಬ್‌ಗೆ ಇಳಿಸಿ. ಟಬ್‌ನಲ್ಲಿ 20 ಲೀಟರ್ ನೀರು, ಫರ್ಮೆಂಟರ್‌ನಲ್ಲಿ 20 ಲೀಟರ್ ಬಿಯರ್ ಇದ್ದರೆ ಒಂದು ಬಾಟಲಿ ಕರಗಿ ಮುಗಿಯುವಷ್ಟರಲ್ಲಿ ಎರಡೂ ಸೇರಿ 2 ಡಿಗ್ರಿ ಇಳಿಯುತ್ತವೆ. ಈಸ್ಟ್ ಬಿಡುವ ಪೂರ್ತಿ ಶಾಖಕ್ಕೆ ಮೂರು ಕಿಲೋ ಐಸ್ ಸಾಕು. ಆದರೆ ಕೋಣೆಯ ಬಿಸಿಯೂ ಹಗಲು ರಾತ್ರಿ ಒಳನುಗ್ಗುತ್ತಿರುತ್ತದಲ್ಲ, ಅದರ ಬಾಬ್ತು ಬೇರೆ. ಬೆಳಿಗ್ಗೆ ಎರಡು, ರಾತ್ರಿ ಎರಡು ಬಾಟಲಿಯಿಂದ ಶುರುಮಾಡಿ, ಫರ್ಮೆಂಟರ್‌ಗೆ ಅಂಟಿಸಿದ ಥರ್ಮಾಮೀಟರ್ ಪಟ್ಟಿ ನೋಡಿಕೊಂಡು ಹೆಚ್ಚು ಕಡಿಮೆ ಮಾಡಿ. ಜುಲೈ–ಆಗಸ್ಟ್‌ನಲ್ಲಿ ನಿಮ್ಮಲ್ಲಿ ಮಾನ್ಸೂನ್ ತೇವ ಏರಿದಾಗ ಶರ್ಟಿನ ಕೆಲಸ ಕುಗ್ಗುತ್ತದೆ, ಆಗ ಐಸ್ ಜಾಸ್ತಿ. ಗ್ಯಾರೇಜ್‌ನಲ್ಲಿ ಇಡುವ ಯೋಚನೆಯೇ ಬೇಡ.

ಪ್ರಶ್ನೆ: ಬೆಂಗಳೂರಿನಲ್ಲಿ ನಿಮ್ಮ ಫೀನಿಕ್ಸ್‌ನಷ್ಟು ಬಿಸಿ ಇಲ್ಲ. ಡಿಸೆಂಬರ್‌ನಲ್ಲಂತೂ ಅಡುಗೆಮನೆ ನೆಲದ ಮೇಲೆ 20 ಡಿಗ್ರಿ. ಇಲ್ಲೇ ಮಾಡಬಹುದಲ್ಲವೇ?

ಉತ್ತರ: ಹವೆ ಒಪ್ಪುತ್ತದೆ, ಕಾನೂನು ಒಪ್ಪುವುದಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ನಮ್ಮ ಮನೆ ಮಟ್ಟಿಗಷ್ಟೇ ಅಂದರೂ ನಡೆಯದು. ಮೈಕ್ರೋಬ್ರೂವರಿ ಲೈಸೆನ್ಸ್ ವ್ಯಾಪಾರಕ್ಕೆ ಕೊಡುವಂಥದ್ದು. ಅಮೆರಿಕದಲ್ಲಿ 1978ರ ಕಾನೂನು ಬಂದ ಮೇಲೆ ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್, ಅಂದರೆ 757 ಲೀಟರ್‌ವರೆಗೆ ತೆರಿಗೆ ಇಲ್ಲದೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ಆಸ್ಟ್ರೇಲಿಯಾ, ಸಿಂಗಪುರಗಳಲ್ಲೂ ಸ್ವಂತಕ್ಕೆ ಅನುಮತಿ ಇದೆ. ಕುವೈತ್, ಸೌದಿಯಲ್ಲಿರುವ ಕನ್ನಡಿಗರು ಇದನ್ನು ಓದಿ ಮರೆತುಬಿಡುವುದು ಕ್ಷೇಮ.

ಬೆಂಗಳೂರಿನವರು ಕೈಯಾಡಿಸುವಂತಿಲ್ಲ, ನೋಡುವುದಕ್ಕಂತೂ ಅಡ್ಡಿಯಿಲ್ಲ. ಟ್ಯಾಂಕುಗಳು ಗಾಜಿನ ಹಿಂದೆ ಕಾಣುವ ಪಬ್‌ಗೆ ಹೋದಾಗ ಗಮನಿಸಿ, ಪ್ರತಿ ಟ್ಯಾಂಕಿನ ಹೊಟ್ಟೆ ಸುತ್ತ ಎರಡು ಪದರದ ಗೋಡೆ ಇರುತ್ತದೆ. ನಡುವೆ ಗ್ಲೈಕಾಲ್ ಬೆರೆತ ತಣ್ಣೀರು ಓಡುತ್ತಿರುತ್ತದೆ. ಮೇಲಿನ ಪುಟ್ಟ ಡಿಸ್‌ಪ್ಲೇ ತೋರಿಸುವುದು ಒಳಗಿನ ಬಿಯರ್‌ನ ತಾಪ. ಈ ಯಂತ್ರಗಳಿಲ್ಲದ ಕಾಲದಲ್ಲಿ ಬವೇರಿಯಾದ ದೊರೆ ಸುಲಭದ ದಾರಿ ಹಿಡಿದಿದ್ದ. 1553ರ ಆಜ್ಞೆಯಂತೆ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಅಲ್ಲಿ ಬಿಯರ್ ಮಾಡುವುದೇ ನಿಷಿದ್ಧ. ಬ್ರಿಟಿಷರು ಕಸೌಲಿ, ನೀಲಗಿರಿಗಳಂಥ ಬೆಟ್ಟ ಹತ್ತಿ ಬ್ರೂವರಿ ಕಟ್ಟಿದ್ದಕ್ಕೂ ತಂಪು ಒಂದು ಕಾರಣ. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಮಾಡಿದನಲ್ಲ, ಅವುಗಳಲ್ಲಿ ಒಂದರ ಹೆಸರೇ ನೀಲಗಿರಿಯದು.

ಪ್ರಶ್ನೆ: ಸಿಂಗಪುರದ ಎಚ್‌ಡಿಬಿ (ಸರ್ಕಾರಿ ವಸತಿ) ಫ್ಲ್ಯಾಟ್‌ನಲ್ಲಿ ನಾನು, ನನ್ನ ತಂಗಿ ಸೇರಿ ಬಿಯರ್ ಶುರುಮಾಡಿದ್ದೇವೆ. ವರ್ಷವಿಡೀ 30 ಡಿಗ್ರಿ, ಬಟ್ಟೆ ಒಣಗುವುದೇ ಕಷ್ಟ. ಇನ್ನೊಂದು ಫ್ರಿಜ್‌ಗೆ ಜಾಗವಿಲ್ಲ. ದಾರಿ ಉಂಟೇ?

ಉತ್ತರ: ಬಟ್ಟೆ ಒಣಗುವುದೇ ಕಷ್ಟ ಅಂದಿರಲ್ಲ, ಅಲ್ಲಿಗೆ ಹಸಿ ಶರ್ಟಿನ ಉಪಾಯ ಮುಗಿಯಿತು. 30 ಡಿಗ್ರಿ, ಶೇ 80 ತೇವಾಂಶದಲ್ಲಿ ಹಸಿ ಬಟ್ಟೆ 27ರ ಕೆಳಗೆ ಇಳಿಯಲಾರದು. ತಾಪವನ್ನು ಬಗ್ಗಿಸಲು ಆಗದಿದ್ದರೆ ಈಸ್ಟನ್ನು ಬದಲಾಯಿಸಿ.

ನಾರ್ವೆಯ ಪಶ್ಚಿಮದ ಹಳ್ಳಿಗಳಲ್ಲಿ ರೈತ ಮನೆತನಗಳು ತಲೆತಲಾಂತರದಿಂದ ಒಣಗಿಸಿ ಕಾಪಿಟ್ಟುಕೊಂಡು ಬಂದ ಕ್ವೈಕ್ ಎಂಬ ಈಸ್ಟ್ ಇದೆ. ಬಿಸಿಯನ್ನೇ ಬಯಸುವ ಜಾತಿ. ಅದರಲ್ಲಿ ವಾಸ್ ಎಂಬ ತಳಿ ಒಣ ಪೊಟ್ಟಣದಲ್ಲಿ ಸಿಗುತ್ತದೆ, ಲ್ಯಾಲ್‌ಮ್ಯಾಂಡ್ ಕಂಪನಿ ತನ್ನ ವಾಸ್‌ಗೆ ಹೇಳುವ ಒಳ್ಳೆಯ ತಾಪವೇ 35ರಿಂದ 40 ಡಿಗ್ರಿ. ಸಿಂಗಪುರದಲ್ಲೂ ಕಂಬಳಿ ಹೊದಿಸಬೇಕಾದ ಈಸ್ಟ್ ಇದೊಂದೇ ಇರಬೇಕು! ಮೂರ್ನಾಲ್ಕು ದಿನದಲ್ಲಿ ಕೆಲಸ ಮುಗಿಸುತ್ತದೆ, ಕಿತ್ತಳೆ ಸಿಪ್ಪೆಯ ಘಮ ಬಿಡುತ್ತದೆ. ಪೇಲ್ ಏಲ್, ಐಪಿಎಗೆ ಅದು ಚೆನ್ನಾಗಿ ಹೊಂದುತ್ತದೆ, ಸ್ಟೌಟ್‌ನಲ್ಲಿ ನನಗಷ್ಟು ಹಿಡಿಸಿಲ್ಲ. ಕ್ವೈಕ್‌ಗೆ ಪೋಷಕಾಂಶ ಸ್ವಲ್ಪ ಹೆಚ್ಚೇ ಬೇಕು, ಹಗುರ ಬಿಯರ್ ಮಾಡುವಾಗ ಕುದಿಯ ಕೊನೆಯಲ್ಲಿ ಈಸ್ಟ್ ನ್ಯೂಟ್ರಿಯೆಂಟ್ ಮರೆಯಬೇಡಿ.

ಇನ್ನೊಂದು ದಾರಿ ಬೆಲ್ಜಿಯಂ ಶೈಲಿಯ ಸೇಜಾನ್. ಬೆಲ್ ಸೇಜಾನ್‌ನಂಥ ಈಸ್ಟ್ 30 ದಾಟಿದರೂ ಹೆದರುವುದಿಲ್ಲ, ಮೆಣಸಿನ ಖಾರದ ಛಾಯೆ, ಒಣ ರುಚಿ. ಆದರೆ ಇಲ್ಲೊಂದು ಅಪಾಯ ಇದೆ, ಇಬ್ಬರೂ ಕಿವಿಗೊಡಿ. ಇದು ಡಯಾಸ್ಟಾಟಿಕಸ್ ಪಂಗಡದ್ದು, ಬೇರೆ ಈಸ್ಟ್ ಮುಟ್ಟದ ಡೆಕ್ಸ್‌ಟ್ರಿನ್ ಎಂಬ ದೊಡ್ಡ ಸಕ್ಕರೆ ಅಂಶವನ್ನೂ ಒಡೆದು ನಿಧಾನಕ್ಕೆ ತಿನ್ನುತ್ತಲೇ ಇರುತ್ತದೆ. ಏರ್‌ಲಾಕ್ ನಿಂತಿತು ಅಂತ ಬಾಟಲಿ ತುಂಬಿದರೆ ಬಾಟಲಿಯೊಳಗೆ ತಿನ್ನುತ್ತದೆ, 30 ಡಿಗ್ರಿಯಲ್ಲಿ ಗಾಜು ಸಿಡಿಯುವುದು ಉತ್ಪ್ರೇಕ್ಷೆಯಲ್ಲ. ಗ್ರಾವಿಟಿ ಅಳೆಯುವ ಹೈಡ್ರೋಮೀಟರ್ 1.004 ಅಥವಾ ಅದಕ್ಕಿಂತ ಕೆಳಗೆ ಬಂದು, ಒಂದು ವಾರ ಕದಲದೆ ನಿಂತ ಮೇಲಷ್ಟೇ ತುಂಬಿ. ಬಳಸಿದ ಪೈಪು, ನಲ್ಲಿಗಳನ್ನು ಚೆನ್ನಾಗಿ ತೊಳೆಯಿರಿ, ಉಳಿದ ಈಸ್ಟ್ ಮುಂದಿನ ಬಿಯರ್‌ಗೂ ದಾಟುತ್ತದೆ.

ತಂಪಿನಲ್ಲೇ ಹುದುಗಬೇಕಾದ ಲಾಗರ್ ಬಿಯರ್‌ನ ಆಸೆ ಸದ್ಯಕ್ಕೆ ಬಿಡಿ. ಬಾಟಲಿ ತುಂಬಿದ ಮೇಲೆ ಗ್ಯಾಸ್ ಕಟ್ಟಲು ಒಂದು ವಾರ ಹೊರಗಿಟ್ಟು, ಆಮೇಲೆ ಅಡುಗೆಮನೆ ಫ್ರಿಜ್‌ನಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟನ್ನೇ ಮಾಡಿ. 20 ಲೀಟರ್ ಹಟ ಬೇಡ, 5 ಲೀಟರ್ ಸಾಕು. ಆ ಬಿಸಿಗೆ ಹೊರಗೆ ಉಳಿದ ಬಾಟಲಿ ಎರಡೇ ತಿಂಗಳಲ್ಲಿ ಒದ್ದೆ ರಟ್ಟಿನ ರುಚಿಗೆ ತಿರುಗುತ್ತದೆ.

ಪ್ರಶ್ನೆ: ಬ್ರಿಸ್ಬೇನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಫ್ರಿಜ್, ಜೊತೆಗೆ ಹೊರಗಿನ ಟೆಂಪರೇಚರ್ ಕಂಟ್ರೋಲರ್ ತಗೊಂಡೆ. ಕಂಟ್ರೋಲರ್ 18 ತೋರಿಸುತ್ತೆ, ಬಿಯರ್ ತೆಗೆದು ನೋಡಿದ್ರೆ 22. ಕಂಪ್ರೆಸರ್ ಅಂತೂ ಐದೈದು ನಿಮಿಷಕ್ಕೆ ಗುರ್ ಅನ್ನುತ್ತೆ. ಕಂಟ್ರೋಲರ್ ಕೆಟ್ಟಿದೆಯಾ?

ಉತ್ತರ: ಕಂಟ್ರೋಲರ್ ಸರಿಯಾಗೇ ಇದೆ, ನೀವು ಅದರ ತಾಪ ಅಳೆಯುವ ತುದಿಯನ್ನು, ಅಂದರೆ ಪ್ರೋಬನ್ನು, ಫ್ರಿಜ್‌ನ ಗಾಳಿಯಲ್ಲಿ ನೇತುಹಾಕಿರಬೇಕು. ಅದು ಗಾಳಿಯನ್ನು 18ರಲ್ಲಿ ಹಿಡಿದಿದೆ, ಒಳಗೆ ಬಿಯರ್ ತನ್ನ ಪಾಡಿಗೆ ಕಾಯುತ್ತಿದೆ. ಬಾಗಿಲು ತೆರೆದರೆ ಗಾಳಿ ಕ್ಷಣದಲ್ಲಿ ಬಿಸಿಯಾಗುತ್ತದೆ, 20 ಲೀಟರ್ ದ್ರವ ಆಗುವುದಿಲ್ಲ. ಕಂಪ್ರೆಸರ್ ಪದೇಪದೇ ಗುರ್ ಅನ್ನುವುದೂ ಅದಕ್ಕೇ.

ಪ್ರೋಬನ್ನು ಫರ್ಮೆಂಟರ್‌ನ ಹೊರಮೈಗೆ, ದ್ರವದ ಮಟ್ಟಕ್ಕಿಂತ ಸಾಕಷ್ಟು ಕೆಳಗೆ, ಟೇಪ್‌ನಿಂದ ಅಂಟಿಸಿ. ಅದರ ಮೇಲೆ ಪಾತ್ರೆ ತಿಕ್ಕುವ ಸ್ಪಾಂಜ್ ಅಥವಾ ನಾಲ್ಕು ಮಡಿಕೆ ಬಬಲ್ ರ‍್ಯಾಪ್ ಇಟ್ಟು ಮತ್ತೊಮ್ಮೆ ಬಿಗಿಯಾಗಿ ಸುತ್ತಿ, ಗಾಳಿ ತಾಗದ ಹಾಗೆ. ಇಷ್ಟು ಮಾಡಿದರೆ ಒಳಗಿನ ಬಿಯರ್‌ಗೂ ಪ್ರೋಬ್‌ಗೂ ವ್ಯತ್ಯಾಸ ಬಹಳ ಉಳಿಯುವುದಿಲ್ಲ. ಫ್ರಿಜ್‌ನ ಸ್ವಂತ ಗುಂಡಿಯನ್ನು ಅತಿ ತಂಪಿಗೆ ತಿರುಗಿಸಿಡಿ, ಇಲ್ಲದಿದ್ದರೆ ಇಬ್ಬರು ಯಜಮಾನರಾಗುತ್ತಾರೆ. ಕಂಟ್ರೋಲರ್‌ನಲ್ಲಿ ವ್ಯತ್ಯಾಸ (ತಾಪ ಎಷ್ಟು ಏರಿದರೆ ಫ್ರಿಜ್ ಮತ್ತೆ ಶುರುವಾಗಬೇಕು ಅನ್ನುವುದು) 0.5ರಿಂದ 1 ಡಿಗ್ರಿ, ಕಂಪ್ರೆಸರ್ ವಿಳಂಬ (ನಿಂತ ಮೇಲೆ ಮತ್ತೆ ಶುರುವಾಗುವ ಮುನ್ನದ ಬಿಡುವು) ಐದು ನಿಮಿಷಕ್ಕಿಂತ ಕಡಿಮೆ ಬೇಡ. ನಿಮ್ಮ ಚಳಿಗಾಲದ ರಾತ್ರಿಗಳಿಗೆ ಬಿಸಿ ಮಾಡುವ ಬೆಲ್ಟ್ ಒಂದನ್ನು ಕಂಟ್ರೋಲರ್‌ನ ಇನ್ನೊಂದು ಪ್ಲಗ್‌ಗೆ ಸಿಕ್ಕಿಸಬಹುದು.

ಕೊನೆಗೆ ಬಿಯರ್ ತಿಳಿಯಾಗಲಿ ಅಂತ 2 ಡಿಗ್ರಿಗೆ ಇಳಿಸುವಾಗ ಫರ್ಮೆಂಟರ್ ಒಳಗಿನ ಗಾಳಿ ಕುಗ್ಗಿ ಏರ್‌ಲಾಕ್‌ನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಇಳಿಸುವ ಮೊದಲು ಏರ್‌ಲಾಕ್ ತೆಗೆದು, ಸ್ಯಾನಿಟೈಸರ್‌ನಲ್ಲಿ ಅದ್ದಿದ ಫಾಯಿಲ್ ಮುಚ್ಚಿ ರಬ್ಬರ್ ಬ್ಯಾಂಡ್ ಹಾಕಿ.