ಪ್ರತಿಕ್ರಿಯೆ: ಹಗೆತನವಿದ್ದರೂ ಸೇರಿ ದುಡಿದ ದೇಶಗಳು

'ಒಬ್ಬರನ್ನೊಬ್ಬರು ನಂಬದ ದೇಶಗಳು ನಿಜಕ್ಕೂ ಸೇರಿ ಏನಾದರೂ ಮಾಡಿದ್ದುಂಟಾ, ಇಲ್ಲ ಎಲ್ಲ ಬರೀ ಭಾಷಣವಾ?' ಎಂದು ಕೇಳಿದ್ದೀರಿ. ಖಂಡಿತ ಉಂಟು. ಸಿಡುಬಿನ ಕಥೆಯನ್ನೇ ನೋಡಿ.

1958ರಲ್ಲಿ, ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವಿನ ಶೀತಲ ಸಮರ ಜೋರಾಗಿದ್ದಾಗ, ಸಿಡುಬನ್ನು ಭೂಮಿಯಿಂದಲೇ ಅಳಿಸೋಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮುಂದೆ ಹೇಳಿದವರು ಸೋವಿಯತ್ ವಿಜ್ಞಾನಿ ವಿಕ್ಟರ್ ಝ್ದಾನೋವ್. 1967ರಲ್ಲಿ ಕೆಲಸ ಬಿರುಸಾದಾಗ ಅದರ ಮುಂದಾಳು ಅಮೆರಿಕದ ಡಿ.ಎ. ಹೆಂಡರ್ಸನ್. ಸೋವಿಯತ್ ಒಕ್ಕೂಟ ಕೊಟ್ಟ ಲಸಿಕೆ 100 ಕೋಟಿ ಡೋಸ್‌ಗೂ ಜಾಸ್ತಿ. ಬಿಸಿಲಿಗೆ ಬೇಗ ಕೆಡದ ಒಣ ಲಸಿಕೆ ಅದು. 1980ರಲ್ಲಿ ಸಿಡುಬು ಹೋಯಿತೆಂದು ಘೋಷಣೆಯಾಯಿತು. ಅಷ್ಟು ವರ್ಷವೂ ಎರಡೂ ಕಡೆ ಅಣುಬಾಂಬುಗಳು ಗುರಿಯಿಟ್ಟೇ ಇದ್ದವು! ನನಗೆ ಈಗಲೂ ಇದು ಮೈ ಜುಮ್ಮೆನಿಸುವ ವಿಷಯ.

ಹವಾಮಾನ ಬದಲಾವಣೆ ತಡೆಯಲು ಹೀಗೆ ಸೇರುವುದು ಇನ್ನೂ ಕಷ್ಟ, ನಿಜ. ಲಸಿಕೆ ಕೊಟ್ಟರೆ ಯಾರ ಕಾರ್ಖಾನೆಯೂ ಮುಚ್ಚುವುದಿಲ್ಲ. ಕಲ್ಲಿದ್ದಲು ಬಿಡಿ ಎಂದರೆ ಹಾಗಲ್ಲ, ಅಲ್ವಾ? ಎದುರಾಳಿ ಮುಂದೆ ಹೋಗಿಬಿಡುತ್ತಾನೆ ಎಂಬ ಭಯ ಎಲ್ಲರಿಗೂ ಇದೆ. ಆದರೂ 2014ರಲ್ಲಿ ಅಮೆರಿಕ, ಚೀನಾ ಇಂಗಾಲದ ಹೊಗೆಗೆ ಕಡಿವಾಣ ಹಾಕುವ ಗುರಿಗಳನ್ನು ಒಟ್ಟಿಗೆ ಘೋಷಿಸಿದವು. ಹವಾಮಾನ ಕುರಿತ ಮರುವರ್ಷದ ಪ್ಯಾರಿಸ್ ಒಪ್ಪಂದಕ್ಕೆ ಅದು ದಾರಿ ಮಾಡಿತು. ಆಮೇಲೆ ಅಮೆರಿಕ ಹಿಂದೆ ಸರಿದದ್ದು ಬೇಸರದ ಸಂಗತಿ.

ನನ್ನ ಮಟ್ಟಿಗೆ ಈಗ ಹಿಡಿತಕ್ಕೆ ತರಬೇಕಾದ್ದು ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲ. ಅದು ಗಾಳಿಯಲ್ಲಿ ಉಳಿಯುವುದು ಸುಮಾರು 12 ವರ್ಷ ಮಾತ್ರ. ಸೋರಿಕೆ ತಡೆದರೆ ಫಲ ನಮ್ಮ ಕಾಲದಲ್ಲೇ ಕಾಣುತ್ತದೆ.